ಮನೆಯಿಂದ ಬರುವ ಅಂಕಣ

ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಉಪಸಂಪಾದಕನಿಗೆ ಖಾತ್ರಿಯಾಯಿತು. ಈ ವಾರದ ಅಂಕಣವನ್ನು ಸಂಪಾದಕರು ಬರೆದಿಲ್ಲ.

ಸಂಪಾದಕರ ವಾಕ್ಯ ಚಾಟಿಯೇಟಿನಂತೆ ಬೀಳುತ್ತಿತ್ತು. ಹಳೆಯ ಕಟ್ಟಳೆಗಳನ್ನು ಸಡಿಲಿಸಹೊರಟ ಮಂತ್ರಿಗಳು ಬೆಳಗೆದ್ದು ಮೊದಲು ಅದನ್ನೇ ಓದುತ್ತಿದ್ದರು. ಹೆಂಗಸು ಹೊಸ್ತಿಲೊಳಗಿದ್ದರೇ ಮನೆ ಮನೆಯಾಗಿರುತ್ತದೆ ಎಂಬ ಅವರ ಮಾತಿಗೆ ಊರೆಲ್ಲ ಎರಡಾಗಿತ್ತು. ಪತ್ರಿಕೆ ಕಾಗದ ಬಿಟ್ಟು ಅಂತರ್ಜಾಲಕ್ಕೆ ಬಂದಾಗ ಓದುಗರು ಹಿಂದೆಯೇ ಬಂದದ್ದು ಆ ಅಂಕಣಕ್ಕಾಗಿ.

ಅವರ ಮಗಳು ತೀರಿಕೊಂಡ ಮೇಲಿನ ಅಂಕಣಗಳ ದಾರಿಯೇ ಬೇರೆ. ತೆರಿಗೆಯ ಮಾತೆತ್ತಿ ಆಸ್ಪತ್ರೆಯ ಕಿಟಕಿಯ ಬಳಿ ನಿಂತುಬಿಡುತ್ತಿದ್ದವು. ಕೊಟ್ಟವನು ನೀನೇ, ಕಿತ್ತುಕೊಂಡವನೂ ನೀನೇ ಎಂದು ನಡುವೆ ದೇವರ ಜೊತೆ ಮಾತಿಗಿಳಿಯುತ್ತಿದ್ದವು. ಓದುಗರು ಒಬ್ಬೊಬ್ಬರಾಗಿ ಜಾರತೊಡಗಿದರು.

"ಅವರ ಹೆಸರಲ್ಲಿ ಬೇರೆ ಯಾರೋ ಬರೀತಿದಾರೆ. ನಿಜ ಆದ್ರೆ ಅವರನ್ನ ಕುರ್ಚಿಯಿಂದ ಇಳಿಸದೆ ವಿಧಿ ಇಲ್ಲ. ಹೋಗಿ ತಿಳ್ಕೊಂಡು ಬಾ," ಎಂದಿದ್ದರು ಮಾಲೀಕರು.

ಅನುಮಾನ ಸಂಪಾದಕರ ಹೆಂಡತಿಯ ಮೇಲೆ. ಅಂಕಣ ಎಂದೂ ಮನೆಯಿಂದಲೇ ಬರುತ್ತಿತ್ತು. ಅವರು ಹೇಳುವುದು, ಆಕೆ ಟೈಪ್ ಮಾಡುವುದು. ಆಕೆ ತವರಿಗೆ ಹೋದ ವಾರ ಅಂಕಣಕ್ಕೂ ರಜೆ. ಬೆರಳಿಲ್ಲದೆ ಬಾಯಿ ಏನು ಮಾಡೀತು ಎಂದು ಸಂಪಾದಕರು ನಗುತ್ತಿದ್ದರು.

ಉಪಸಂಪಾದಕ ಒಳಗೆ ಬಂದಾಗ ಅವರು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಕಿಟಕಿ ತೆರೆದರು, ಮುಚ್ಚಿದರು. ಒಂದು ಕಾಲಿಗೆ ಮಾತ್ರ ಚಪ್ಪಲಿ.

"ಬಾರಯ್ಯ ಪೊಲೀಸಪ್ಪ. ಮಾಲೀಕರು ಕಳಿಸಿದ್ರಾ?"

"ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ, ಸರ್."

"ಸುಮ್ನೆ ಬರೋರು ಹೀಗೆ ಬೆವರಲ್ಲ."

ಹೆಂಡತಿ ಮೇಜಿನ ಬಳಿ ಮಗಳ ಬಟ್ಟೆ ಮಡಿಸುತ್ತಿದ್ದರು. ಪಕ್ಕದಲ್ಲಿ ಕಂಪ್ಯೂಟರ್ ತೆರೆದೇ ಇತ್ತು. ಸಂಪಾದಕರು ಪರದೆಯ ಕಡೆ ಬಗ್ಗಿದರು, ನೆಟ್ಟಗಾದರು, ಮತ್ತೆ ನಡೆದರು.

"ಇವಳೇ, ಇದಾದ್ಮೇಲೆ ಏನು ಬರಬೇಕು?"

"ನಿಮಗೆ ತೋಚಿದ್ದು," ಎಂದರು ಆಕೆ, ತಲೆಯೆತ್ತದೆ.

ಸಂಪಾದಕರು ನಿಟ್ಟುಸಿರುಬಿಟ್ಟು ಹಿತ್ತಲಿಗೆ ಹೋದರು. ಉಪಸಂಪಾದಕ ದನಿ ತಗ್ಗಿಸಿದ.

"ಅಮ್ಮಾ, ತಪ್ಪು ತಿಳೀಬೇಡಿ. ಈ ದುಃಖದಲ್ಲಿ ಅವರ ಕೈಲಿ ಆಗ್ತಿಲ್ಲ. ಅವರ ಮರ್ಯಾದೆ ಉಳೀಲಿ ಅಂತ ನೀವು ಬರೀತಿದೀರ. ನನಗೆ ಅರ್ಥ ಆಗತ್ತೆ. ಆದ್ರೆ ಓದೋರು ಮೊದಲಿನ ಹಾಗೆ ಬೇಕು ಅಂತಾರೆ. ಇನ್ನಾದ್ರೂ ಅವರಿಗೇ ಬಿಟ್ಟುಬಿಡಿ."

ಆಕೆ ಒಂದು ಅಂಗಿಯ ತೋಳನ್ನು ನೇರಮಾಡಿ, ಅಂಗೈಯಿಂದ ನಿಧಾನವಾಗಿ ಒತ್ತಿದರು.

"ಬಿಟ್ಟೇ ಇದೀನಪ್ಪ. ಮಗಳು ಹೋದ್ಮೇಲೆ ನಾನು ಒಂದಕ್ಷರ ಬರೆದಿಲ್ಲ. ಇವರು ಸ್ವಂತ ಬರೆದದ್ದು ಅಂದ್ರೆ ಇವಿಷ್ಟೇ."