ಸಾಲು ಮುಗಿಯುವವರೆಗೆ

"ಇದು ಕೆಂಪು ಮಸಾರಿ, ಇದು ಕರಿ ಎರಿ. ಮಣ್ಣ ಬ್ಯಾರೆ ಬ್ಯಾರೆ ಅದಾವಲ್ಲ?" ಎಂದರು ಹಾಲಯ್ಯ, ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟಿದ್ದ ಎರಡು ಲ್ಯಾಪ್‌ಟಾಪುಗಳತ್ತ ಬಗ್ಗಿ.

"ಹೊಲಾ ಒಂದೇ ಅಪ್ಪಾ, ಸ್ಕ್ರೀನ್ ಅಲಗ್ ಅಲಗ್," ಎಂದಳು ಮಗಳು ವಚನಾ. "ಮಣ್ಣು ನೋಡಬ್ಯಾಡ್ರಿ. ಸ್ಪೀಡ್ ನೋಡ್ರಿ."

ಕಾಶಿಯ ಸಿಗರಾ ಬಡಾವಣೆಯ ಆ ಅಂಗಡಿಗೆ ಅವರು ಬಂದು ಒಂದು ಗಂಟೆಯಾಗಿತ್ತು. ವಚನಾ ಅನಿಮೇಶನ್ ಓದುತ್ತಿದ್ದಳು. ಅವಳ ಹಳೆಯ ಲ್ಯಾಪ್‌ಟಾಪು ಅರ್ಧ ನಿಮಿಷದ ಚಿತ್ರ ಕಟ್ಟಿಕೊಡುವಷ್ಟರಲ್ಲಿ ಬಿಸಿಯಾಗಿ ನಿಂತುಬಿಡುತ್ತಿತ್ತು. ಎರಡು ಸಲ ಕೆಲಸ ಒಪ್ಪಿಸಲಾಗದೆ ತರಗತಿಯ ಮುಂದೆ ತಲೆ ತಗ್ಗಿಸಿದ್ದಳು. ಇಂಥದ್ದಕ್ಕೆ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕೆಂದು ಅವಳ ಸರ್ ಹೇಳಿದ್ದರು. ನೋಡಿ ನೋಡಿ ಕೊನೆಗೆ ಈ ಎರಡು ಉಳಿದಿದ್ದವು. ಬೆಲೆ ಒಂದೇ. ಎಡಗಡೆಯದು ವೇಗಕ್ಕೆ ಹೆಸರಾದದ್ದು, ಬಲಗಡೆಯದು ಬಣ್ಣಕ್ಕೆ. ಹೋಲಿಸಿ ನೋಡಲಿ ಎಂದು ಅಂಗಡಿಯಾತ ಎರಡರಲ್ಲೂ ಒಂದೇ ಆಟ ಹಚ್ಚಿದ್ದ. ಬೇಸಾಯದ ಆಟ. ಟ್ರ್ಯಾಕ್ಟರೊಂದು ಹೊಲ ಉಳುತ್ತಿತ್ತು.

ಮಣ್ಣು ಕಪ್ಪಗೆ ಕಾಣುತ್ತಿದ್ದ ಬಲಗಡೆಯದರ ಮುಂದಿನಿಂದ ಹಾಲಯ್ಯ ಕದಲಲಿಲ್ಲ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಇಲ್ಲಿನ ಮಠದಲ್ಲಿ ಕೋಣೆ ತೆರೆದುಕೊಡುವ ಕೆಲಸ ಅವರದು. ಆಲಮಟ್ಟಿಯ ಹಿನ್ನೀರು ಏಳೆಕರೆ ಎರೆಹೊಲವನ್ನು ನುಂಗಿದ ವರ್ಷ ಕಾಶಿಗೆ ಬಂದವರು. ವಚನಾ ಹುಟ್ಟಿದ್ದು ಇಲ್ಲಿಯೇ. ಬೇಸಿಗೆಯಲ್ಲಿ ನೀರು ಇಳಿದಾಗ ನಿಮ್ಮ ಬಾವಿಯ ದಂಡೆ ಕಾಣತೈತ್ರಿ ಎಂದು ಊರ ಕಡೆಯವರು ಯಾರಾದರೂ ಹೇಳಿದರೆ, ಅಂಥವರಿಗೆ ಗಾಳಿ ಬರುವ ಕೋಣೆಯ ಕೀಲಿ ಸಿಗುತ್ತಿತ್ತು.

ಟ್ರ್ಯಾಕ್ಟರಿನ ಹಿಂದೆ ಈಗ ಬೀಜ ಬಿತ್ತುವ ಕೂರಿಗೆ ಬಂತು. ಹಾಲಯ್ಯ ಬಾಗಿಲ ತನಕ ಹೋಗಿ, ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಹೊಳೆಯುವ ಟೈಲ್ಸಿನ ಮೇಲೆ ಬರಿಗಾಲಲ್ಲಿ ನಿಂತರು.

"ಅರೆ ಬಾಬಾ, ಹಾಕ್ಕೊಂಡೇ ಇರಿ. ಇದೇನು ಮಂದಿರವೇ?" ಎಂದ ಅಂಗಡಿಯಾತ ಹಿಂದಿಯಲ್ಲಿ.

"ಬಿತ್ತಿಗಿ ನಡದೈತಲ್ಲ. ಮೆಟ್ಟಿನ ಕಾಲಾಗ ಹೆಂಗ ನಿಂದರಲಿ?" ಹಾಲಯ್ಯನ ಬಾಯಿಂದ ಕನ್ನಡವೇ ಬಂತು.

ಅಂಗಡಿಯಾತ ವಚನಾಳ ಮುಖ ನೋಡಿದ. ಇದನ್ನು ಅವನಿಗೆ ಹೇಗೆ ತಿಳಿಸುವುದೋ ಅವಳಿಗೆ ಹೊಳೆಯಲಿಲ್ಲ. "ಪಾಪಾಗೆ ಕಾಲು ನೋವು," ಎಂದು ಹಿಂದಿಯಲ್ಲಿ ಹೇಳಿಬಿಟ್ಟಳು.

"ಏನ ಬಿತ್ಯಾರ ಕೇಳವ್ವಾ. ಜ್ವಾಳಾ ಏನು?"

"ಹಾಂ, ಜ್ವಾರ್ ಅಂತ ಬರದದ."

ಹಾಲಯ್ಯನ ಮುಖ ಅರಳಿತು. ಅಷ್ಟರಲ್ಲಿ ಅಂಗಡಿಯಾತ, "ಇದರ ವೇಗವೂ ಕಡಿಮೆಯೇನಲ್ಲ ಬಾಬಾ, ನೋಡಿ," ಎಂದು ಒಂದು ಗುಂಡಿ ಒತ್ತಿದ. ಮೊಳಕೆ ಎದ್ದಿತು, ದಂಟು ಬೆಳೆಯಿತು, ತೆನೆ ತೂಗಿತು, ಯಂತ್ರ ಬಂದು ಕೊಯ್ದೇಬಿಟ್ಟಿತು. ತಡೆಯಲೆಂದು ಎತ್ತಿದ ಹಾಲಯ್ಯನ ಕೈ ಹಾಗೇ ಉಳಿಯಿತು.

"ಇಷ್ಟ ಲಗೂ ಯಾಕ ಕೊಯ್ದರು? ಹಸಿ ತೆನಿ ಸುಟ್ಟು ಸೀತನಿ ತಿನ್ನಾಕೂ ಬಿಡಲಿಲ್ಲ," ಎಂದರು ಮೆಲ್ಲಗೆ. ಆಮೇಲೆ ಅಂಗಡಿಯಾತನಿಗೆ ತಿಳಿಯಲೆಂದು ಹಿಂದಿಯಲ್ಲಿ ಕೇಳಿದರು: "ಇದಕ್ಕಿಂತ ಸಾವಕಾಶ ನಡೆಯುವಂಥದ್ದು ಇಲ್ಲವೇ ಭೈಯಾ?"

ಅಂಗಡಿಯಾತ ಹೊಟ್ಟೆ ಹಿಡಿದು ನಕ್ಕ. "ನಿಧಾನದ್ದು ಕೇಳಿದ ಮೊದಲ ಗಿರಾಕಿ ನೀವು! ಆಟದ ಗಡಿಯಾರ ಬೇಕಾದರೆ ಇಳಿಸಬಹುದು. ಆಗ ತೆನೆ ಬರಲು ನಾಲ್ಕು ತಿಂಗಳು ಕೂರಬೇಕು. ಯಾರು ಕೂರುತ್ತಾರೆ ಬಾಬಾ?"

ಹಾಲಯ್ಯ ನಗಲಿಲ್ಲ. "ನಾಕು ತಿಂಗಳಾ," ಎಂದು ತಲೆಯಾಡಿಸಿದರು, "ಅಷ್ಟು ಹಿಡದ ಹಿಡೀತೈತಿ." ಮಗಳ ಕಡೆ ತಿರುಗಿದರು. "ನಿನ್ನ ಕೆಲಸೆಲ್ಲಾ ಮುಗದ ಮ್ಯಾಲ, ದಿನಾ ಸಂಜಿಮುಂದ ಒಂದೀಟು ಹೊತ್ತು ನೋಡತಿದ್ನಿ. ಎಷ್ಟೆತ್ತರ ಬಂದೈತಿ ಅಂತ."

ವಚನಾ ಬಲಗಡೆಯದರ ಬೆನ್ನು ಮುಟ್ಟಿ ನೋಡಿದಳು. ಆಗಲೇ ಬಿಸಿ ಏರಿತ್ತು.

"ಅಪ್ಪಾ, ಇದು ಗರಂ ಆಗ್ತದ. ನನ್ನ ಕಾಮ್ ಇದರಾಗ ಮತ್ತ ಅಟಕ್ ಆಗಿ ನಿಂತಬಿಡ್ತದ." ಅವಳ ದನಿ ತಗ್ಗಿತು. "ಆಟ ಅದರಾಗೂ ನಡೀತದಲ್ರಿ."

"ನಡೀತೈತಿ, ಯಾಕ ನಡಿಯಂಗಿಲ್ಲ. ಮಸಾರಿ ಕಾಣತೈತಿ, ಅಷ್ಟ." ಹಾಲಯ್ಯ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. "ನಿನ್ನ ಕೆಲಸಕ್ಕ ಯಾವುದು ಒದಗತೈತೋ ಅದನ್ನ ತೊಗೋ ಯವ್ವಾ. ನಾ ಸುಮ್ನ ಅಂದ್ನಿ."

ಎಡಗಡೆಯದು ಪೆಟ್ಟಿಗೆಯೊಳಗೆ ಸೇರಿತು. ಬಲಗಡೆಯದರಲ್ಲಿ ಹೊಸ ಬಿತ್ತನೆ ಶುರುವಾಗಿತ್ತು. ಅಂಗಡಿಯಾತ ಅದನ್ನು ಮುಚ್ಚಲು ಕೈ ಚಾಚಿದ.

"ರುಕೋ ಭೈಯಾ," ಹಾಲಯ್ಯ ಅವನ ಮಣಿಕಟ್ಟು ಹಿಡಿದರು. ಮುಂದಿನದನ್ನು ಮಗಳಿಗೆ ಹೇಳಿದರು: "ನಡುಸಾಲಿನಾಗ ನಿಲ್ಲಸಬಾರದು ಅನ್ನು. ಬದುವಿನ ತನಕ ಹೋಗಲಿ."

ಈ ಸಲ ವಚನಾ ಕಾಲು ನೋವಿನ ಮಾತಾಡಲಿಲ್ಲ. "ಪಾಪಾ ಒಂದು ನಿಮಿಷ ಕಾಯಲು ಹೇಳುತ್ತಿದ್ದಾರೆ," ಎಂದಳು. ಕೂರಿಗೆ ನಿಧಾನವಾಗಿ ಕಪ್ಪು ಹೊಲದ ಆಚೆ ಅಂಚು ಮುಟ್ಟುವವರೆಗೆ ಮೂವರೂ ನಿಂತರು.

ಹೊರಗೆ ಆಟೋದವರು ಗೋದೌಲಿಯಾ, ಗೋದೌಲಿಯಾ ಎಂದು ಕೂಗುತ್ತಿದ್ದರು. ವಚನಾ ಪೆಟ್ಟಿಗೆಯನ್ನು ಎದೆಗವಚಿಕೊಂಡು ಒಂದು ಆಟೋ ನಿಲ್ಲಿಸಿ ತಿರುಗಿ ನೋಡಿದಳು. ಹಾಲಯ್ಯ ಇನ್ನೂ ಅಂಗಡಿಯ ಬಾಗಿಲಲ್ಲೇ ಇದ್ದರು. ಚಪ್ಪಲಿ ಮೆಟ್ಟುವ ಮುಂಚೆ, ಗೋಡೆಗೆ ಒಂದು ಕೈ ಊರಿ, ಒಂದಾದ ಮೇಲೊಂದು ಕಾಲೆತ್ತಿ, ಅಂಗಾಲಿನ ಮಣ್ಣು ಕೊಡವುತ್ತಿದ್ದರು.