ಬಿರುಕಿಗೆ ಅಂಟು

ಗಡಿಯಾರ ರಿಪೇರಿಯವನು ತನ್ನ ಅಕ್ಕನ ಕುಂಡದಲ್ಲಿದ್ದ ಕಲ್ಲುಗಿಡದ ಬಿರುಕಿನ ಹತ್ತಿರ ಸೂಜಿ ತಂದ. ಅದರ ತುದಿಯಲ್ಲಿ ಅಂಟಿನ ಹನಿ ನಡುಗುತ್ತಿತ್ತು. ಊರಿಗೆ ಹೊರಡುವಾಗ ಅಕ್ಕ ಹೇಳಿದ್ದು ಇಷ್ಟೇ: "ನೀರು ಹಾಕ್ಬೇಡ, ಮುಟ್ಲೂಬೇಡ." ನೀರನ್ನೇನೋ ಅವನು ಹಾಕಿರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ! ನಿನ್ನೆ ಗಡಿಯಾರದ ಬ್ರಷ್ಷಿನಿಂದ ಧೂಳು ಒರೆಸಿದ್ದ. ಇವತ್ತು ನೋಡಿದರೆ, ನುಣ್ಣನೆಯ ಬೆಣಚುಕಲ್ಲಿನಂತಿದ್ದ ಗಿಡ ಸುಕ್ಕುಗಟ್ಟಿ, ಸರಿಯಾಗಿ ನಡುಮಧ್ಯೆ ಬಾಯಿ ಬಿಟ್ಟಿತ್ತು. ಬೀಜದಿಂದ ಹಿಡಿದು ಆರು ವರ್ಷ ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಗಿಡ ಅದು.

ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಆದರೂ ಕಸುಬಿನ ಅಭ್ಯಾಸ ಬಿಡಲಿಲ್ಲ: ಅಂಟು ಹಾಕುವ ಮುಂಚೆ ಒಳಗೆ ಕಸವಿದೆಯೇ ಎಂದು ನೋಡಲೇಬೇಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗಿದ.

ಬಿರುಕಿನ ಆಳದಲ್ಲಿ, ಅಡ್ಡಲಾಗಿ, ತೇವದಿಂದ ಹೊಳೆಯುವ ಎರಡು ಹಸಿರು ಎಲೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಗೋಡೆಯಂತಿದ್ದ ಗಿಡದ ಹಳೆಯ ಎಲೆಗಳನ್ನು ಆಚೀಚೆ ತಳ್ಳುತ್ತಿದ್ದುದು ಅವೇ.

"ಏನೋ ಅದು ಕೈಲಿ? ಒಡೆದು ಹಾಕ್ದ್ಯಾ?" ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಅವನು ತಲೆ ಎತ್ತಲಿಲ್ಲ. ಸೂಜಿಯನ್ನು ಮೆಲ್ಲಗೆ ದೂರ ಇಟ್ಟ.

"ಶ್! ಮೆತ್ತಗೆ ಮಾತಾಡಕ್ಕ. ಒಳಗೆ ಯಾರೋ ಇದ್ದಾರೆ."