ನಿಂತಾಗ ಆರುವ ದೀಪ

"ಸೈಕಲ್ ನಿಲ್ಲಿಸಿದ್ರೆ ಈ ದೀಪ ಉರಿಯುತ್ತಾ, ಉಸ್ತಾದ್?" ಮಹ್ಲಗಾ ಕೇಳಿದಳು. ಅವಳ ಮಗನ ಸೈಕಲ್ಲಿಗೆ ಡೈನಮೋ ಜೋಡಿಸುತ್ತಿದ್ದ, ಯಜ್ದ್ ಪೇಟೆಯ ಸೈಕಲ್ ಅಂಗಡಿಯ ನೊಸ್ರತ್ ತಲೆಯೆತ್ತದೆ ನಕ್ಕ. "ಚಕ್ರ ತಿರುಗಿದ್ರೆ ತಾನೆ ಖಾನಮ್ ಬೆಳಕು? ಆದ್ರೆ ಸೆಲ್ ದೀಪದ ಹಾಗೆ ನಡುದಾರೀಲಿ ಕೈಕೊಡಲ್ಲ."

"ನಮ್ಮನೆಯವರು ನಿಂತಿದ್ರು," ಎಂದಳು ಅವಳು. "ಗಿರಣಿ ತಿರುವಿನಲ್ಲಿ, ಬೆಳಗಿನ ಪಾಳಿಗೆ ಹೋಗುವಾಗ. ಇನ್ನೂ ಕತ್ತಲಿತ್ತು. ಹಿಂದಿನಿಂದ ಬಂದ ಲಾರಿಯವನಿಗೆ ಕಾಣಿಸಲೇ ಇಲ್ವಂತೆ."

ನೊಸ್ರತ್‌ನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಅವಳ ಗಂಡ ಕಾಜಿಮ್ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಅವನೂ ಹೋಗಿದ್ದ, ಎಲ್ಲರೊಡನೆ ಕೂತು ಆ ಲಾರಿಯವನಿಗೆ ಶಾಪ ಹಾಕಿದ್ದ. ಕಾಜಿಮ್‌ನ ಸೈಕಲ್ಲಿಗೂ ಇಂಥದೇ ಡೈನಮೋ ದೀಪ ಹಾಕಿಕೊಟ್ಟವನು ತಾನೇ ಎಂಬುದು ಇಷ್ಟು ದಿನ ಅವನಿಗೆ ಹೊಳೆದೇ ಇರಲಿಲ್ಲ. ಅವನು ಡೈನಮೋ ಬಿಚ್ಚಿ ಕೆಳಗಿಟ್ಟ. ಕಪಾಟಿನಿಂದ ಸೆಲ್ ದೀಪ ತೆಗೆದು ಹಿಂದಿನ ಮಡ್‌ಗಾರ್ಡಿಗೆ ಬಿಗಿಯತೊಡಗಿದ.

"ಡೈನಮೋನೇ ಬೇಕು ಅಂತ ಅವರೇ ಆರಿಸಿದ್ರಾ?"

ಹೌದು ಎಂದರೆ ಅಲ್ಲಗಳೆಯಲು ಕಾಜಿಮ್ ಬರುವಂತಿರಲಿಲ್ಲ.

"ಇಲ್ಲ ಖಾನಮ್," ಎಂದ ನೊಸ್ರತ್. "ಅವನು ಸೆಲ್ ದೀಪಾನೇ ಕೇಳಿದ್ದ. ನಾನೇ ಗೇಲಿ ಮಾಡಿ ಬೇಡ ಅಂದೆ."